ಹಳ್ಳದ ದಂಡೆಯಲ್ಲಿ ಸೀಟು ಹಿಡಿದವನು

ಒಬ್ಬನೇ ಮನುಷ್ಯ ಏಕಕಾಲಕ್ಕೆ ಎರಡು ಕಡೆ ಕಾಣಿಸಿಕೊಂಡ ಎಂಬ ಕಥೆ ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಹೇಳುವವರ ಮುಖದ ಮೇಲೆಯೇ ಬೈದವನು ನಾನು. ಈಗ ಅಂಥದೇ ಕಥೆಯನ್ನು ನಾನೇ ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದೆ.

ರಜಾಕಾರರ ಗಲಾಟೆ ಅಡಗಿ ನಾಲ್ಕೈದು ವರ್ಷವಾಗಿರಬಹುದು. ಲಿಂಗಸುಗೂರಿನ ಶಾಲೆಯಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ. ನಾವು ಐದು ಜನ ಮಾಸ್ತರರು ಸೈಕಲ್ ಮೇಲೆ ಮಸ್ಕಿಗೆ ಹೋಗಿ ಬಂಡೆಯ ಶಾಸನ ನೋಡುವುದು, ಅಲ್ಲಿ ಉಳಿದು ಮರುದಿನ ಸಿಂಧನೂರಿನ ಕಡೆ ಅಗೆಯುತ್ತಿದ್ದ ಕಾಲುವೆ ನೋಡಲು ಹೋಗುವುದು ಎಂದು ತೀರ್ಮಾನವಾಯಿತು. ದಾರಿ ಗೊತ್ತುಮಾಡುವ ಕೆಲಸ ನನ್ನ ತಲೆಗೆ ಬಂತು.

ಕೆಲಸ ಸುಲಭದ್ದಲ್ಲ. ಒಂದು ಕಡೆ ಕಸರತ್ತಿನ ಮಾಸ್ತರ ಮಲ್ಲಣ್ಣ, ಗುಡ್ಡವನ್ನೂ ಬಯಲಿನಂತೆ ತುಳಿಯುವವನು. ಇನ್ನೊಂದು ಕಡೆ ಚಿತ್ರಕಲೆಯ ಶರಣಪ್ಪ ಮಾಸ್ತರ. ಅವರ ಎಡಗಾಲು ಚಿಕ್ಕಂದಿನಿಂದ ಸೊರಗಿತ್ತು. ಬಲಗಾಲನ್ನು ಪೆಡಲಿಗೆ ಬಟ್ಟೆಯಿಂದ ಬಿಗಿದುಕೊಂಡು ಒಂದೇ ಕಾಲಿನಲ್ಲಿ ಹೊಡೆಯುತ್ತಿದ್ದರು, ಅದೂ ಹರದಾರಿಗಟ್ಟಲೆ. ಆದರೆ ಹತ್ತಲು, ಇಳಿಯಲು ಆಸರೆಗೆ ಎತ್ತರದ ಕಲ್ಲು ಬೇಕು, ಇಲ್ಲವೇ ಸೀಟು ಹಿಡಿಯುವ ಮನುಷ್ಯ ಬೇಕು. ಇಳಿಯುವ ಜಾಗದಲ್ಲಿ ಎರಡೂ ಇಲ್ಲದಿದ್ದರೆ ಅವರು ಸೈಕಲ್ ಸಮೇತ ಬೀಳುವುದೇ. ಹಾಗೆ ಒಮ್ಮೆ ಬಿದ್ದು ಮೊಣಕೈ ಮುರಿದುಕೊಂಡಿದ್ದರು. ಇನ್ನೊಮ್ಮೆ ಕೈ ಮುರಿದರೆ ಚಿತ್ರ ಬರೆಯುವುದು ಮುಗಿಯಿತು ಎಂದು ಡಾಕ್ಟರು ಹೇಳಿದ್ದರು.

ಎರಡು ಆದಿತ್ಯವಾರ ನಾನೊಬ್ಬನೇ ಓಡಾಡಿ ಎರಡು ದಾರಿ ಗುರುತು ಮಾಡಿದೆ. ಅರ್ಧ ದೂರದಲ್ಲಿ ಒಂದು ಬೇವಿನ ಮರ. ಅಲ್ಲಿಂದ ಗುಡ್ಡದ ಕಾಲುದಾರಿ ಮಲ್ಲಣ್ಣ ಮತ್ತು ಉಳಿದಿಬ್ಬರಿಗೆ. ನೋಡಲು ಚೆಂದ, ತುಳಿಯಲು ಕಠಿಣ. ಸಪಾಟಾದ ಗಾಡಿದಾರಿ ಶರಣಪ್ಪನವರಿಗೆ ಮತ್ತು ನನಗೆ. ಆ ದಾರಿಯಲ್ಲಿ ಎರಡೇ ತೊಡಕು. ಮೊದಲನೆಯದು ಒಂದು ಹಳ್ಳಿ. ಗೌಡರ ಕಟ್ಟೆಯ ಮುಂದೆ ಯಾರೇ ಆಗಲಿ ಸೈಕಲ್ ಇಳಿದು ನಡೆದೇ ಹೋಗಬೇಕು. ನಿಜಾಮ ಹೋಗಿದ್ದ, ಈ ದರ್ಬಾರು ಹೋಗಿರಲಿಲ್ಲ. ಕುಂಟನಿಗೂ ಮಾಫಿ ಇಲ್ಲ, ಕಟ್ಟೆಗೆ ಕೈ ಊರಿ ಇಳಿಯುವಂತೆಯೂ ಇಲ್ಲ! ಎರಡನೆಯದು ಅದರಾಚೆಯ ಹಳ್ಳ. ಪಾದ ಮುಳುಗುವಷ್ಟು ನೀರು, ಮರಳು, ದಂಡೆಯಲ್ಲಿ ಒಂದು ಎತ್ತರದ ಕಲ್ಲಿಲ್ಲ. ಈ ಎರಡು ಕಡೆ ನಾನೇ ಸೀಟು ಹಿಡಿಯುತ್ತೇನೆ ಎಂದು ಶರಣಪ್ಪನವರ ಹೆಂಡತಿಗೆ ಮಾತು ಕೊಟ್ಟು ಹೊರಟಿದ್ದೆ.

ಬೇವಿನ ಮರದ ಹತ್ತಿರ ಮಲ್ಲಣ್ಣ ಬಾಯಿ ತೆಗೆದ.

“ಮಾಸ್ತರ, ಗುಡ್ಡ ಹತ್ತಾಕ ನಿಮಗ ದಮ್ಮಿಲ್ಲ. ಕುಂಟನ ನೆವ ಮಾಡಿ ತಪ್ಪಿಸ್ಕೊಳ್ಳಾಕತ್ತೀರಿ.”

ಶರಣಪ್ಪನವರ ಎದುರಿಗೇ ಅಂದ. ನನಗೆ ನೆತ್ತಿಗೆ ಹತ್ತಿತು. ಶರಣಪ್ಪನವರೇ ನಕ್ಕು, “ಹೋಗಿ ಒಂದು ಕೈ ತೋರ್ಸಿ ಬರ್ರಿ. ನಾ ನಿಧಾನ ಹೊಂಟಿರ್ತೀನಿ” ಅಂದರು. ಮೊದಲ ದಿನ್ನೆ ಹತ್ತಿ, ಇವನ ಸೊಕ್ಕು ಇಳಿಸಿ, ಹಳ್ಳಿಗೆ ಮುಂಚೆಯೇ ಬಂದು ಕೂಡಿಕೊಳ್ಳುತ್ತೇನೆ ಎಂದು ಹೇಳಿ ಅವರನ್ನು ಏರಿಸಿ ತಳ್ಳಿ ಕಳಿಸಿದೆ.

ದಿನ್ನೆಯ ಮೇಲೆ ಮೊದಲು ಮುಟ್ಟಿದವನು ನಾನೇ. ಅಲ್ಲಿಂದ ತಿರುಗಬೇಕಿತ್ತು. ಮಲ್ಲಣ್ಣ ಏದುಸಿರು ಬಿಡುತ್ತ, “ಇದೊಂದು ದಿನ್ನಿ ಏನ್ ಮಹಾ? ಮಸ್ಕಿ ಮುಟ್ಟಿ ತೋರ್ಸ್ರಿ” ಅಂದ. ಶರಣಪ್ಪನವರನ್ನು ಆಗ ಮರೆತೆ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ಆದರೂ ಮಸ್ಕಿಯ ಕಡೆಗೇ ತುಳಿದೆ. ಸಿಟ್ಟಿನ ಕೈಯಲ್ಲಿ ಬುದ್ಧಿ ಕೊಟ್ಟ ಮನುಷ್ಯ ಕತ್ತೆಗಿಂತ ಕಡೆ.

ಮಸ್ಕಿಯಲ್ಲಿ ಎರಡು ದಾರಿ ಕೂಡುವ ಕಡೆ ಬಿಸಿಲಲ್ಲಿ ಕಾದೆವು. ಮಲ್ಲಣ್ಣನಿಗೆ ಬಾಯಿಗೆ ಬಂದಂತೆ ಬೈದು ಹಿಂದಕ್ಕೆ ಹೊರಡಬೇಕು ಅನ್ನುವಷ್ಟರಲ್ಲಿ ತಿರುವಿನಲ್ಲಿ ಶರಣಪ್ಪ ಮಾಸ್ತರ ಕಾಣಿಸಿದರು. ಸೈಕಲ್ ಮೇಲೆ, ಒಬ್ಬರೇ, ಹಾಡಿಕೊಂಡು. ಓಡಿಹೋಗಿ ಸೀಟು ಹಿಡಿದೆ.

“ಯಾವಾಗ ಮುಂದ ಬಂದ್ರಿ?” ಎಂದು ಅವರೇ ನನ್ನನ್ನು ಕೇಳಿದರು. “ಹಳ್ಳ ದಾಟಿಸಿ, ಏರಿಸಿ, ಹಿಂದಽ ಇದ್ರಲ್ಲ? ಹೊರಳಿ ನೋಡಾಕ ನನಗ ಆಗಂಗಿಲ್ಲ. ಇಳಿದಾಗ ಮುಖ ನೋಡಿ ಮಾತಾಡಿಸಿದ್ರ ಒಂದು ಮಾತಿಲ್ಲ. ಮಲ್ಲಣ್ಣನ ಮ್ಯಾಲಿನ ಸಿಟ್ಟು ಇನ್ನೂ ಇಳಿದಿಲ್ಲ ಅನ್ಕೊಂಡೆ.”

ಉಳಿದ ಮೂವರೂ ನನ್ನ ಮುಖ ನೋಡಿದರು. ನಾನು ಅವರ ಕಣ್ಣೆದುರಿಗೇ ಇದ್ದವನು. ಬಿಸಿಲು ನೆತ್ತಿಗೇರಿದೆ ಎಂದು ಮಲ್ಲಣ್ಣ ಪಿಸುಗುಟ್ಟಿದ. ಹಾಗೇ ಇರಲಿ. ಬಿಸಿಲು ನೆತ್ತಿಗೇರಿದವನನ್ನು ಎರಡು ಸಲ ಇಳಿಸಿ ಏರಿಸಿದವರು ಯಾರು?

ಊಟ ಬಿಟ್ಟು ಆ ಹಳ್ಳಿಗೆ ಹೋದೆ. ಕಟ್ಟೆಯ ಎದುರಿನ ನೆರಳಲ್ಲಿ ಒಬ್ಬ ಮುದುಕ ಹಗ್ಗ ಹೊಸೆಯುತ್ತಿದ್ದ. ಕುಂಟ ಮಾಸ್ತರರನ್ನು ಇಳಿಸಿದವರು ಯಾರು ಎಂದು ಕೇಳಿದೆ.

“ನೀವಽ ಅಲ್ಲೇನ್ರಿ? ಇಳಿಸಿದವರೂ ನೀವ, ಕಟ್ಟಿ ದಾಟಿದ ಮ್ಯಾಲ ಏರಿಸಿದವರೂ ನೀವ. ನೀರು ಕುಡೀರಿ ಅಂದೆ, ಒಲ್ಲೆ ಅಂತ ತಲಿ ಅಳ್ಳಾಡ್ಸಿದ್ರಿ. ಆಗ ನಡಕೊಂಡು ಬಂದಿದ್ರಿ, ಈಗ ಸೈಕಲ್ ಐತಿ.”

“ನಾನಲ್ಲ!” ಎಂದು ಕಿರುಚಿದೆ.

“ನನ್ನ ಕಣ್ಣು ಇನ್ನೂ ಹೋಗಿಲ್ರೀಪಾ” ಎಂದು ಮುದುಕ ಹಗ್ಗಕ್ಕೆ ಕೈ ಹಚ್ಚಿದ.

ಅವನ ಮೇಲೆ ಕೈ ಎತ್ತುವಷ್ಟು ಸಿಟ್ಟು ಬಂದಿತ್ತು. ನನ್ನ ಹಾಗೆಯೇ ಇರುವ ಯಾರೋ ದಾರಿಹೋಕ ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ದಿನಾ ಒಂದೇ ಕೋಣೆಯಲ್ಲಿ ನನ್ನೊಡನೆ ಕೂತು ಚಹಾ ಕುಡಿಯುವ ಮನುಷ್ಯ, ಮುಖದ ಚಿತ್ರ ಬರೆಯುವುದೇ ಕಸುಬಾದ ಮನುಷ್ಯ, ನನ್ನ ಮುಖ ತಪ್ಪಿಯಾನೇ? ನಡೆದು ಬಂದವನು ಹಳ್ಳಿಯಿಂದ ಹಳ್ಳದವರೆಗೆ ಸೈಕಲಿನ ಬೆನ್ನು ಹತ್ತಿದ್ದಾದರೂ ಹೇಗೆ?

ಆ ಸಂಜೆ ಶರಣಪ್ಪನವರಿಗೆ ನಿಜ ಹೇಳಿದೆ. ನಾನು ನಿಮ್ಮನ್ನು ಬಿಟ್ಟು ಹೋಗಿದ್ದೆ, ಬೇಕಂತಲೇ ಹೋಗಿದ್ದೆ ಎಂದೆ. ಅವರು ನಂಬಲಿಲ್ಲ. “ಉಪಕಾರ ಮಾಡಿ ಇಲ್ಲ ಅನ್ನೂದು ನಿಮ್ಮ ದೊಡ್ಡಗುಣ” ಅಂದರು. ಬೈದಿದ್ದರೆ ಹಗುರಾಗುತ್ತಿದ್ದೆ.

ಮರುದಿನ ಬೆಳಿಗ್ಗೆ ಸಿಂಧನೂರಿಗೆ ಹೊರಟಾಗ ಬೇರೆ ಯಾರನ್ನೂ ಹತ್ತಿರ ಬಿಡದೆ ನಾನೇ ಸೀಟು ಹಿಡಿದೆ. ಶರಣಪ್ಪ ಮಾಸ್ತರ ಹತ್ತಿ ಕೂತು, ಪೆಡಲಿಗೆ ಕಾಲು ಬಿಗಿದುಕೊಳ್ಳಲು ಬಗ್ಗಿದವರು ತಟ್ಟನೆ ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡರು.

“ಯಾಕ್ರಿ ಮಾಸ್ತರ, ಕೈ ನಡುಗಾಕತ್ತೈತಿ?” ಅಂದರು. “ನಿನ್ನೆ ಛಲೋ ಹಿಡದಿದ್ರಿ. ನಿನ್ನೆ ಹಿಡದಂಗ ಹಿಡೀರಿ.”