ಎರಡನೆಯ ಸಾಲು

ಈಗ ಯಾವ ಫೋನಿನ ಚಾರ್ಜರಾದರೂ ಕೊಡುವ ಐದು ವೋಲ್ಟನ್ನು ಆ ದಿನಗಳಲ್ಲಿ ನಮ್ಮಪ್ಪ ಮನೆಯಲ್ಲೇ ತಯಾರಿಸಿಕೊಳ್ಳುತ್ತಿದ್ದ. ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಕೂರಿಸಿ, ಮುಚ್ಚಳದ ತೂತಿನಿಂದ ಒಂದು ಕೆಂಪು, ಒಂದು ಕರಿ ತಂತಿ ಹೊರಗೆ ಎಳೆದಿದ್ದ. ಸ್ವಿಚ್ ಹಾಕಿದರೆ ಡಬ್ಬಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಬೇರೆಯವರ ಮನೆಯಲ್ಲಿ ಸಂಜೆ ಹೊತ್ತಿಗೆ ಊದಿನಕಡ್ಡಿಯ ವಾಸನೆ ಬಂದರೆ ನಮ್ಮಲ್ಲಿ ಬೆಸುಗೆಯ ರಾಳ ಸುಡುವ ವಾಸನೆ. ಅವ್ವ ಅಲ್ಲೇ ರೊಟ್ಟಿ ಬಡಿಯುತ್ತ, "ನನ್ನ ರೊಟ್ಟಿಗೂ ನಿಮ್ಮ ಸೀಸದ ವಾಸನಿ ಹತ್ತತದ ನೋಡ್ರಿ," ಎಂದು ಗೊಣಗುತ್ತಿದ್ದಳು.

ಅಪ್ಪ ಹಾವೇರಿ ಕಡೆಯವನು. ಹದಿನೈದು ವರ್ಷ ನೌಕಾಪಡೆಯಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿದವನು. ನಾನು ಹುಟ್ಟಿದ್ದು ವಿಶಾಖಪಟ್ಟಣದ ಕ್ವಾರ್ಟರ್ಸ್‌ನಲ್ಲಿ. ಸೇವೆ ಮುಗಿದ ಮೇಲೆ ಅವನಿಗೆ ವಿಜಯವಾಡದ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಕೆಲಸ ಸಿಕ್ಕಿತು. ಪಟಮಟದಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದೆವು. ಕೆಳಗಿನ ಮನೆಯಲ್ಲಿ ಮಾಲೀಕರು, ಅವರ ಮಗಳು ಶಿರೀಷಕ್ಕ. ಅವಳು ಅದೇ ಪಾಲಿಟೆಕ್ನಿಕ್‌ನಲ್ಲಿ ಎರಡನೇ ವರ್ಷದ ಡಿಪ್ಲೊಮಾ ಓದುತ್ತಿದ್ದಳು, ಅಂದರೆ ಅಪ್ಪನ ವಿದ್ಯಾರ್ಥಿನಿಯೂ ಹೌದು. ನನಗೆ ಆಗ ಹನ್ನೊಂದು ವರ್ಷ.

ಶಿರೀಷಕ್ಕನ ಕೈ ಅಂಥಿಂಥ ಕೈಯಲ್ಲ. ಓಣಿಯಲ್ಲಿ ಯಾರ ಇಸ್ತ್ರಿಪೆಟ್ಟಿಗೆ ಕೆಟ್ಟರೂ, ಯಾರ ಮಿಕ್ಸಿ ನಿಂತರೂ ಅವಳ ಹತ್ತಿರವೇ ಬರುತ್ತಿತ್ತು. ಲಂಗದ ಮೇಲೆ ದಾವಣಿ ಬಿಗಿದು ನೆಲದ ಮೇಲೆ ಕೂತಳೆಂದರೆ ಅರ್ಧ ಗಂಟೆಯಲ್ಲಿ ಮಿಕ್ಸಿ ತಿರುಗಲೇಬೇಕು. ಅವಳಪ್ಪನಿಗೆ ಇದು ಅಷ್ಟು ರುಚಿಸುತ್ತಿರಲಿಲ್ಲ. ವಿಶಾಖಪಟ್ಟಣದಿಂದ ಒಂದು ಸಂಬಂಧ ಬಂದಿತ್ತು, ಹುಡುಗ ಬಂದರಿನಲ್ಲಿ ಗುಮಾಸ್ತ. ಮಗಳು ಎಂಜಿನಿಯರಿಂಗ್ ಓದುತ್ತೇನೆಂದು ಹಟ ಹಿಡಿದಾಗ ಅವರು ಒಂದು ಮಾತಿಗೆ ಒಪ್ಪಿದ್ದರು: ಒಂದೂ ಸಬ್ಜೆಕ್ಟ್ ಬೀಳದೆ ಡಿಪ್ಲೊಮಾ ಮುಗಿಸಿದರೆ ಓದು, ಒಂದು ಬಿದ್ದರೂ ಮದುವೆ. ಈ ಒಪ್ಪಂದ ಓಣಿಗೆಲ್ಲ ಗೊತ್ತಿತ್ತು.

ಅಪ್ಪ ನನಗೆ ಗೇಟುಗಳನ್ನು ಕಲಿಸಿದ್ದು ಊಟಕ್ಕೆ ಕೂತಾಗ. "ಆಂಡ್ ಗೇಟ್ ಅಂದ್ರ ಈ ನಮ್ಮ ಊಟ ಇದ್ದಂಗ. ಅಡಿಗಿನೂ ಆಗಿರಬೇಕು, ನೀ ಕೈನೂ ತೊಳದಿರಬೇಕು. ಎರಡೂ ಆದ್ರನ ಗಂಗಾಳ ಬರತದ. ಓರ್ ಗೇಟ್ ಅಂದ್ರ ಬಾಗಲಾ ತೆಗಿಯೂದು. ನಿಮ್ಮವ್ವರ ಇರಬೇಕು, ನೀನರ ಇರಬೇಕು, ಯಾರರ ಒಬ್ರಿದ್ರ ಸಾಕು."

"ನಾಟ್ ಗೇಟ್?"

"ಅದು ನೀನ. ಹೂಂ ಅಂದ್ರ ಉಹೂಂ, ಉಹೂಂ ಅಂದ್ರ ಹೂಂ."

ಊಟವಾದ ಮೇಲೆ, ತಂತಿ ಚುಚ್ಚಲು ಸಾಲು ಸಾಲು ತೂತುಗಳಿದ್ದ ಬ್ರೆಡ್‌ಬೋರ್ಡಿನ ಮೇಲೆ ಅದನ್ನೇ ಮಾಡಿ ತೋರಿಸುತ್ತಿದ್ದ. ಐಸಿ ಅಂದರೆ ಹದಿನಾಲ್ಕು ಕಾಲಿನ ಕರಿ ಹುಳು. ಏಳನೇ ಕಾಲಿಗೆ ಕರಿ ತಂತಿ, ಹದಿನಾಲ್ಕನೇ ಕಾಲಿಗೆ ಕೆಂಪು ತಂತಿ. ಒಳಗೆ ನಾಲ್ಕು ಆಂಡ್ ಗೇಟು. ಒಂದೊಂದಕ್ಕೂ ಎರಡು ಒಳಗಾಲು, ಒಂದು ಹೊರಗಾಲು. ಒಳಗಾಲಿಗೆ ಐದು ವೋಲ್ಟ್ ಕೊಟ್ಟರೆ ಒಂದು, ಕರಿ ತಂತಿಗೆ ಸೇರಿಸಿದರೆ ಸೊನ್ನೆ. ಎರಡೂ ಒಳಗಾಲು ‘ಒಂದು’ ಆದಾಗ ಮಾತ್ರ ಹೊರಗಾಲಿನ ಕೆಂಪು ದೀಪ ಹತ್ತಬೇಕು. ನಾನೊಮ್ಮೆ ಸೊನ್ನೆ ಕೊಡಬೇಕಾದ ಕಾಲನ್ನು ಯಾವುದಕ್ಕೂ ಸೇರಿಸದೆ ಹಾಗೇ ಬಿಟ್ಟಿದ್ದೆ. ದೀಪ ಹತ್ತಿತು. ಅಪ್ಪ ನಕ್ಕ. "ಖಾಲಿ ಬಿಟ್ರ ಅದು ಸೊನ್ನಿ ಅಲ್ಲ ತಂಗಿ. ಈ ಜಾತಿ ಐಸಿ, ಯಾರೂ ಏನೂ ಹೇಳಲಿಲ್ಲಂದ್ರ ಒಂದು ಅಂತನ ತಿಳಕೋತದ."

ಪ್ರಾಕ್ಟಿಕಲ್ ಪರೀಕ್ಷೆಗೆ ಮೊದಲು ಲ್ಯಾಬಿನ ಐಸಿಗಳನ್ನೆಲ್ಲ ಪರೀಕ್ಷಿಸುವುದು ಅಪ್ಪನ ಕೆಲಸ. ವರ್ಷವೆಲ್ಲ ಹುಡುಗರು ಉಲ್ಟಾ ತಂತಿ ಕೊಟ್ಟು ಸುಟ್ಟಿರುತ್ತಿದ್ದರು. ಅವನ್ನು ಥರ್ಮಾಕೋಲಿನಲ್ಲಿ ಚುಚ್ಚಿಕೊಂಡು ಮನೆಗೆ ತರುತ್ತಿದ್ದ. ಪ್ರತಿ ಗೇಟಿಗೆ ನಾಲ್ಕು ಸಾಲು: ಸೊನ್ನೆ-ಸೊನ್ನೆ, ಸೊನ್ನೆ-ಒಂದು, ಒಂದು-ಸೊನ್ನೆ, ಒಂದು-ಒಂದು. ಅದೇ ಟ್ರೂತ್ ಟೇಬಲ್ಲು. ಒಂದು ಐಸಿಗೆ ಹದಿನಾರು ಸಾಲು. ಪ್ರತಿ ಸಾಲಿಗೂ ದೀಪ ನೋಡಿ ನೋಟ್‌ಬುಕ್ಕಿನಲ್ಲಿ ಆ ಐಸಿಯ ನಂಬರಿನ ಮುಂದೆ ಟಿಕ್ ಹಾಕಬೇಕು. ಹದಿನಾರೂ ಸರಿಯಿದ್ದರೆ ಅದರ ಬೆನ್ನ ಮೇಲೆ ಹಸಿರು ಬಣ್ಣದ ಚುಕ್ಕೆ. ಅಪ್ಪನ ಹಸಿರು ಚುಕ್ಕೆಗೆ ಆ ಕಾಲೇಜಿನಲ್ಲಿ ಎಂಥ ಹೆಸರಿತ್ತೆಂದರೆ, ಸರ್ಕ್ಯೂಟ್ ನಡೆಯದಿದ್ದರೆ ಹುಡುಗರು ತಮ್ಮ ತಲೆಯನ್ನೇ ಅನುಮಾನಿಸುತ್ತಿದ್ದರು, ಐಸಿಯನ್ನಲ್ಲ. "ನಾಕೂ ಸಾಲ ನೋಡದ ಚುಕ್ಕಿ ಇಡಬಾರ್ದು," ಎನ್ನುತ್ತಿದ್ದ. "ಹಡಗಿನ್ಯಾಗ ಒಂದು ಸಾಲ ಬಿಟ್ರ ಸಮುದ್ರ ಮಾಫಿ ಮಾಡೂದಿಲ್ಲ."

ಆ ವರ್ಷದ ಏಪ್ರಿಲ್‌ನಲ್ಲಿ ವಿಜಯವಾಡ ಕಾದ ಹೆಂಚಾಗಿತ್ತು. ಕೆಳಗಿನ ಮನೆಯಲ್ಲಿ ಆವಕಾಯಿ ಹಾಕುತ್ತಿದ್ದರು. ಅಂಗಳದ ತುಂಬ ಮಾವಿನಕಾಯಿ ಹೋಳು, ಸಾಸಿವೆ ಪುಡಿ, ಖಾರದ ಪುಡಿ. ಮೆಟ್ಟಿಲಿಳಿದರೆ ಸಾಕು, ಕಣ್ಣು ಉರಿಯುತ್ತಿತ್ತು. ಪರೀಕ್ಷೆಯ ಹಿಂದಿನ ದಿನ ಅಪ್ಪ ಐಸಿ ನೋಡುತ್ತ ಕೂತಿದ್ದಾಗ ಕಾಲೇಜಿನಿಂದ ಕರೆ ಬಂತು. ಕೆಲವು ಬೋರ್ಡು ಕಡಿಮೆ ಬಿದ್ದಿವೆ, ಗವರ್ನರ್‌ಪೇಟೆಯ ಅಂಗಡಿಯಿಂದ ತರಬೇಕು ಎಂದರಂತೆ. ಅಪ್ಪ ಅಂಗಿ ಹಾಕಿಕೊಂಡು ನನ್ನ ಮುಂದೆ ಥರ್ಮಾಕೋಲ್ ಇಟ್ಟ.

"ಹನ್ನೆರಡು ಉಳದಾವ. ನೀನ ನೋಡಿ ಚುಕ್ಕಿ ಇಡು. ನಿನ್ನ ಕೈಲೆ ಆಗತದ."

ನನಗೆ ಆಕಾಶಕ್ಕೆ ಮೂರೇ ಗೇಣು. ಮೊದಲ ನಾಲ್ಕು ಐಸಿಗಳನ್ನು ಉಸಿರು ಹಿಡಿದು ನೋಡಿದೆ. ಐದನೆಯದು ನಡೆದಿರುವಾಗ ಓಣಿಯ ಹುಡುಗಿಯರು ಕೆಳಗಿನಿಂದ ಕೂಗಿದರು. ಲಗೋರಿಗೆ ಒಬ್ಬರು ಕಡಿಮೆಯಿದ್ದಾರೆ, ಬಾ ಎಂದರು. ಆಗ ನನಗೊಂದು ಬುದ್ಧಿ ಹೊಳೆಯಿತು. ಸೊನ್ನೆ-ಒಂದು, ಒಂದು-ಸೊನ್ನೆ, ಎರಡೂ ಒಂದೇ ಅಲ್ಲವೇ? ನಾನು ಅವ್ವನ ಪಕ್ಕ ಕೂತರೂ ಅವ್ವ ನನ್ನ ಪಕ್ಕ ಕೂತರೂ ಕೂತವರು ಇಬ್ಬರೇ. ಎರಡನೆಯ ಸಾಲು ಬಿಟ್ಟು ಮೂರೇ ಸಾಲು ನೋಡತೊಡಗಿದೆ. ಒಂದೊಂದು ಐಸಿ ಮುಗಿದ ಮೇಲೆ ಹದಿನಾರು ಟಿಕ್ಕನ್ನೂ ಒಟ್ಟಿಗೇ ಹಾಕಿದೆ, ನೋಡದ ಸಾಲಿಗೂ. ಎಲ್ಲಕ್ಕೂ ಚುಕ್ಕೆಯಿಟ್ಟು ಕೆಳಗೆ ಓಡಿದೆ.

ಮರುದಿನ ಶಿರೀಷಕ್ಕನಿಗೆ ಬಂದ ಪ್ರಶ್ನೆ ಹಾಫ್ ಆಡರ್. ಎರಡು ಅಂಕಿಗಳನ್ನು ಕೂಡಿಸುವ ಸರ್ಕ್ಯೂಟ್ ಅದು. ಬಲಗಡೆಯ ದೀಪಕ್ಕೆ ಒಂದರ ಬೆಲೆ, ಎಡಗಡೆಯದಕ್ಕೆ ಎರಡರ ಬೆಲೆ. ಎಡಗಡೆಯ ದೀಪವನ್ನು ನಡೆಸುವುದು ಆಂಡ್ ಗೇಟ್. ಮನೆಯಲ್ಲಿ ಅವಳು ಕಣ್ಣು ಮುಚ್ಚಿ ಕಟ್ಟುತ್ತಿದ್ದ ಸರ್ಕ್ಯೂಟ್ ಅದು. ಅಲ್ಲಿ ಕಟ್ಟಿ ಸೊನ್ನೆಗೆ ಒಂದು ಕೂಡಿಸಿದರೆ ಎರಡೂ ದೀಪ ಹತ್ತಿದವು. ಉತ್ತರ ಮೂರು. ತಂತಿಯೆಲ್ಲ ಕಿತ್ತು ಮತ್ತೆ ಕಟ್ಟಿದಳು. ಮತ್ತೆ ಮೂರು. ಐಸಿ ಬದಲಿಸಿ ಕೊಡಿ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಅದರ ಬೆನ್ನ ಮೇಲೆ ಹಸಿರು ಚುಕ್ಕೆಯಿತ್ತು. ಮೂರನೆಯ ಸಲ ಕಟ್ಟುವಾಗ ಅವಸರಕ್ಕೆ ಬೇರೆ ತಂತಿಗಳೂ ತಪ್ಪಿದವು. ಪ್ರಾಕ್ಟಿಕಲ್ ಬಿತ್ತು. ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಇನ್‌ಸ್ಟ್ರಕ್ಟರ್ ಬಾಯಿ ಬಿಡುವಂತಿಲ್ಲ. ಅಪ್ಪ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಎಲ್ಲ ನೋಡಿದನಂತೆ.

ಸಂಜೆ ಅಪ್ಪ ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಆ ಐಸಿಯನ್ನು ಬೋರ್ಡಿಗೆ ಚುಚ್ಚಿದ. ಅದರ ಒಂದನೇ ಕಾಲು ಒಳಗಡೆಯೇ ಕಡಿದುಹೋಗಿತ್ತು. ಏನು ಕೊಟ್ಟರೂ ಅದಕ್ಕೆ ಮುಟ್ಟುತ್ತಿರಲಿಲ್ಲ. ಯಾರೂ ಏನೂ ಹೇಳದ ಕಾಲಿನಂತೆ ಅದು ಯಾವಾಗಲೂ ಒಂದು ಎಂದೇ ತಿಳಿಯುತ್ತಿತ್ತು. ಮೊದಲನೇ ಸಾಲು ಸರಿ. ಮೂರನೇದು ಸರಿ. ನಾಲ್ಕನೇದು ಸರಿ. ಎರಡನೆಯ ಸಾಲಿನಲ್ಲಿ ಮಾತ್ರ ಹತ್ತಬಾರದ ದೀಪ ಹತ್ತಿತು.

ಅಪ್ಪ ನೋಟ್‌ಬುಕ್ ತೆಗೆದು ಪುಟ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಇದರದ್ದು ನಾಕೂ ಸಾಲ ನೋಡಿದ್ದೇನ ತಂಗಿ?"

ನಾನು ಸುಮ್ಮನಿದ್ದೆ. ಅಪ್ಪ ಐಸಿಯನ್ನು ಬೋರ್ಡಿನಿಂದ ಕಿತ್ತು ಜೇಬಿಗೆ ಹಾಕಿದ.

"ಹೂಂ. ನೋಡಿದ್ದೀಯಂತ ತಿಳಕೋತೀನಿ," ಎಂದು ಎದ್ದು ಕೆಳಗೆ ಹೋದ.

ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡೆ. ಖಾರದ ಪುಡಿಯ ಘಾಟಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅಳುವಿಗೆ ಒಂದು ನೆವ ಸಿಕ್ಕಂತಾಯಿತು. ಅಪ್ಪ ತನ್ನ ಒರಟು ತೆಲುಗಿನಲ್ಲಿ ಹೇಳುತ್ತಿದ್ದ: ಹುಡುಗಿಯ ತಪ್ಪಿಲ್ಲ, ಐಸಿ ಕೆಟ್ಟಿತ್ತು, ಪರೀಕ್ಷಿಸಿದವನು ನಾನೇ, ಸರಿಯಾಗಿ ನೋಡಲಿಲ್ಲ. ಮಾಲೀಕರು ಅವನಿಗೆ ಕುರ್ಚಿ ಹಾಕಿ, ಮಜ್ಜಿಗೆ ಕೊಟ್ಟು, ಎರಡೂ ಕೈ ಜೋಡಿಸಿದರು.

"ಪರವಾಲೇದು ಸಾರ್. ತಾವು ದೊಡ್ಡವರು. ನಮ್ಮ ಹುಡುಗಿ ಅಳಬಾರದು ಅಂತ ತಪ್ಪು ತಮ್ಮ ಮೇಲೆ ಹಾಕಿಕೊಳ್ತಿದ್ದೀರಿ. ತಮ್ಮ ಐಸಿ ಕೆಡೋದುಂಟೇ?"

ಅಪ್ಪ ಎಷ್ಟು ಹೇಳಿದನೋ ಅಷ್ಟೂ ಅವನ ದೊಡ್ಡತನವೇ ಆಯಿತು. ನಾನು ಕೆಳಗಿಳಿದು ಹೋಗಿ, ಆಟಕ್ಕೆ ಹೋಗುವ ಅವಸರದಲ್ಲಿ ನಾನೇ ನೋಡದೆ ಚುಕ್ಕೆಯಿಟ್ಟೆ ಎಂದಿದ್ದರೆ ಯಾರೂ ಅದನ್ನು ಮರ್ಯಾದೆಯ ಮಾತು ಎನ್ನುತ್ತಿರಲಿಲ್ಲ. ಹನ್ನೊಂದು ವರ್ಷದ ಹುಡುಗಿ ಮರ್ಯಾದೆಗಾಗಿ ಅಂಥ ಸುಳ್ಳು ಹೇಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ನಡುವೆ ಇದ್ದದ್ದು ಒಂಬತ್ತು ಮೆಟ್ಟಿಲು. ನಾನು ಇಳಿಯಲಿಲ್ಲ.

ಕಾಲೇಜಿನಲ್ಲೂ ಅಪ್ಪ ಹೇಳಿದನಂತೆ. ಅಂಕಪಟ್ಟಿಯ ಲಕೋಟೆಗೆ ಆಗಲೇ ಸೀಲು ಬಿದ್ದಿತ್ತು. ಸಪ್ಲಿಮೆಂಟರಿ ಬರೆಯಬಹುದು ಎಂದರು. ಆದರೆ ಶಿರೀಷಕ್ಕನ ಅಪ್ಪ ಮಾತೆಂದರೆ ಮಾತು ಎನ್ನುವವರು. ಶ್ರಾವಣದಲ್ಲಿ ಮದುವೆಯಾಯಿತು. ಅವ್ವ ನನಗೆ ಜರಿ ಲಂಗ ಹೊಲಿಸಿದ್ದಳು. ಬಡಿಸಿದ ಪುಳಿಹೋರವನ್ನು ಬಾಳೆಲೆಯಲ್ಲೇ ಮಡಚಿಟ್ಟು ಎದ್ದೆ. ಶಿರೀಷಕ್ಕ ಹೊರಡುವಾಗ ತನ್ನ ಸ್ಕ್ರೂಡ್ರೈವರ್ ಸೆಟ್ಟನ್ನು ನನ್ನ ಕೈಯಲ್ಲಿಟ್ಟು, "ನೀನಾದರೂ ಚೆನ್ನಾಗಿ ಕಲಿ ಬುಜ್ಜಿ," ಎಂದಳು.

ಅಪ್ಪ ನನಗೆ ಬೈಯಲಿಲ್ಲ. ಆದರೆ ಮುಂದಿನ ವರ್ಷ ಐಸಿಗಳನ್ನು ತಂದಾಗ ಒಬ್ಬನೇ ಕೂತು ನೋಡಿದ. ನಾನು ಪಕ್ಕಕ್ಕೆ ಹೋದರೆ, "ಅಭ್ಯಾಸ ಮಾಡ ಹೋಗು," ಎನ್ನುತ್ತಿದ್ದ. ಆಮೇಲೆ ಯಾವತ್ತೂ ಅವನು ನನ್ನನ್ನು ಆ ಕೆಲಸಕ್ಕೆ ಕರೆಯಲಿಲ್ಲ. ಒಂದು ಏಟು ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೋದ ವರ್ಷ ಅಪ್ಪ ತೀರಿಕೊಂಡ. ಬಿಸ್ಕತ್ತಿನ ಡಬ್ಬಿ ನನ್ನ ಪಾಲಿಗೆ ಬಂತು. ಅದರ ತಳದಲ್ಲಿ ಒಂದು ಐಸಿ, ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ ಸುತ್ತಿದ್ದು. ಹಸಿರು ಚುಕ್ಕೆ ಹಾಗೇ ಇತ್ತು. ಹಾಳೆಯಲ್ಲಿ ನನ್ನ ಟಿಕ್‌ಗಳು. ಮೊದಲ ಐಸಿಗಳ ಟಿಕ್‌ಗಳು ಒಂದೊಂದೂ ಒಂದೊಂದು ನಮೂನೆ, ದೀಪ ನೋಡಿ ಪೆನ್ನು ಎತ್ತಿ ಹಾಕಿದವು. ಇದರವು ಹದಿನಾರೂ ಒಂದೇ ಕಡೆ ವಾಲಿ, ಒಂದೇ ಉಸಿರಿಗೆ ಗೀಚಿದವು. ಅಪ್ಪನಿಗೆ ಆ ಸಂಜೆಯೇ ಗೊತ್ತಾಗಿತ್ತು. ಆಣೆ ಮಾಡಿಸಿ ಕೇಳಲಿಲ್ಲ, ಅಷ್ಟೇ.

ಈಗ ಬ್ಯಾಂಕಿನವರು ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿದ್ದಾರೆ. ಪಟಮಟದ ಹಳೆಯ ಮಾಲೀಕರಿಗೆ ಫೋನ್ ಮಾಡಿ ವಿಳಾಸ ಪಡೆದು, ಒಂದು ಭಾನುವಾರ ಬೆಳಿಗ್ಗೆ ಶಿರೀಷಕ್ಕನ ಮನೆಗೆ ಹೋದೆ. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ, ನಗು ಹಾಗೇ ಇದೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ಪೆಸರಟ್ಟು ಹಾಕಿಕೊಟ್ಟಳು. ತಿಂದು ಕೈ ತೊಳೆದ ಮೇಲೆ, ಇಪ್ಪತ್ತೆರಡು ವರ್ಷ ತಡವಾಗಿ, ಒಂದೇ ಸಮನೆ ಎಲ್ಲ ಹೇಳಿಬಿಟ್ಟೆ.

ಅವಳು ನಕ್ಕಳು. "ನೀನೂ ಅಂಕುಲ್‌ಗಾರು ಥರವೇ ಆಗಿದ್ದೀ. ಅವರೂ ಹೀಗೇ ತಪ್ಪು ತಮ್ಮ ಮೇಲೆ ಹಾಕಿಕೊಂಡಿದ್ರು. ಬಿಡು ಬುಜ್ಜಿ, ನನ್ನ ಕೈಯೇ ಸರಿಯಿರಲಿಲ್ಲ."

ಚೀಲದಿಂದ ಬೋರ್ಡು, ಐಸಿ, ಒಂದು ಕೆಂಪು ದೀಪ, ಒಂದು ಹಳೆಯ ಫೋನ್ ಚಾರ್ಜರನ್ನು ತೆಗೆದು ಮೇಜಿನ ಮೇಲಿಟ್ಟೆ. ಚಾರ್ಜರಿನ ತಂತಿಯನ್ನು ಮೊದಲೇ ಕತ್ತರಿಸಿ ತಂದಿದ್ದೆ. ನಾನು ತಂತಿ ಚುಚ್ಚಲು ತಡವರಿಸಿದಾಗ, "ಕೊಡಿಲ್ಲಿ," ಎಂದು ಕಸಿದುಕೊಂಡಳು. ಏಳಕ್ಕೆ ಕರಿ, ಹದಿನಾಲ್ಕಕ್ಕೆ ಕೆಂಪು. ಬೆರಳುಗಳು ಒಂದು ಕಡೆಯೂ ನಿಲ್ಲಲಿಲ್ಲ. ಸೊನ್ನೆ-ಸೊನ್ನೆ ಕೊಟ್ಟಳು, ದೀಪ ಹತ್ತಲಿಲ್ಲ. ಸೊನ್ನೆ-ಒಂದು ಕೊಟ್ಟಳು. ದೀಪ ಹತ್ತಿತು.

ತೆಗೆದು ಮತ್ತೆ ಕೊಟ್ಟಳು. ಮತ್ತೆ ಹತ್ತಿತು. ಒಂದು-ಸೊನ್ನೆ ಕೊಟ್ಟಳು, ಆರಿತು.

"ಹಾಗಾದರೆ ನನ್ನ ವೈರಿಂಗ್ ಸರಿಯಿತ್ತು," ಎಂದಳು.

ಅವಳು ಕಳೆದುಕೊಂಡದ್ದು ಒಂದು ಓದು ಮಾತ್ರ ಎಂದೇ ಅಷ್ಟು ವರ್ಷ ಎಣಿಸಿಕೊಂಡಿದ್ದೆ. ಅದಕ್ಕೆ ಮದುವೆಯನ್ನೋ ಗಂಡನನ್ನೋ ಮಗಳನ್ನೋ ಎದುರಿಟ್ಟು ತೂಗಿ, ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡದ್ದೂ ಉಂಟು. ನಾನು ಹೊರಟಾಗ ಅವಳು ಐಸಿಯನ್ನು ಹಿಂದಕ್ಕೆ ಕೊಡಲಿಲ್ಲ. ಮುಷ್ಟಿಯಲ್ಲಿ ಹಿಡಿದೇ ಬಾಗಿಲವರೆಗೂ ಬಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನನ್ನ ಕೈ ಸರಿಯಿಲ್ಲ ಅಂತ ಇಷ್ಟು ವರ್ಷ ಮಿಕ್ಸಿಯ ಪ್ಲಗ್ಗನ್ನೂ ನಾನು ಬಿಚ್ಚಿಲ್ಲ ಬುಜ್ಜಿ," ಎಂದಳು.