ಬೈಲಹೊಂಗಲದಲ್ಲಿ ನನ್ನ ಮಗಳ ಬೆನ್ನಿಗೆ ಕೂತಾಕೆ

ನಾನು ಅಜ್ಜಿಯಾದೆ! ನಮ್ಮ ಗಂಗವ್ವ ಹೆಣ್ಣು ಹಡೆದಳು. ತಾಯಿ, ಕೂಸು ಇಬ್ಬರೂ ಉಳಿದಿದ್ದಾರೆ. ನಮ್ಮೂರು ಸಾಲಹಳ್ಳಿಯವರೇ, ಇನ್ನೊಮ್ಮೆ ಬರೆಯುತ್ತೇನೆ, ಇಬ್ಬರೂ ಉಳಿದಿದ್ದಾರೆ.

ದೊಡ್ಡ ಮಗಳು ನೀಲವ್ವ ಹೆರಿಗೆ ಬ್ಯಾನಿ ತಿನ್ನುತ್ತ ರಾಮದುರ್ಗದ ಹಾದಿಯಲ್ಲಿ ಬಂಡಿಯೊಳಗೇ ತೀರಿಕೊಂಡದ್ದನ್ನು ನೀವೆಲ್ಲ ಕಂಡಿದ್ದೀರಿ. ಕೂಸೂ ದಕ್ಕಲಿಲ್ಲ. ಅದಕ್ಕೇ ಗಂಗವ್ವ ಬಸಿರಾದಳೆಂದು ಕೇಳಿದ್ದೇ, ನಾವು ಗಂಡ ಹೆಂಡತಿ ಇಬ್ಬರೂ ಊರು ಬಿಟ್ಟು ಬೈಲಹೊಂಗಲದ ದವಾಖಾನಿ ಹತ್ತಿರ ಒಂದು ಖೋಲಿ ಹಿಡಿದೆವು. ನಮ್ಮವರು ಹತ್ತಿ ಅರಳಿ ಗಿರಣಿಗೆ ಸೇರಿದರು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ? ತವರನ್ನೇ ಇಲ್ಲಿಗೆ ತಂದೆವು.

ಇಲ್ಲಿ ಹಗಲೇ ಬಾಗಿಲು ಹಾಕಿಕೊಳ್ಳುತ್ತಾರೆ. ಪಕ್ಕದ ಮನೆಯಾಕೆಗೆ ಪಲ್ಯ ಕೊಟ್ಟರೆ ಬಟ್ಟಲು ತೊಳೆದು ಬರಿದೇ ತಿರುಗಿ ಕೊಟ್ಟಳು. ನಮ್ಮೂರಲ್ಲಿ ಬರಿ ಬಟ್ಟಲು ಯಾರು ಕೊಡುತ್ತಾರೆ? ಊರಲ್ಲಿ ಒಬ್ಬಾಕೆ ನರಳಿದರೆ ಓಣಿಯೇ ಬಂದು ಕೂಡುತ್ತದೆ. ಇಲ್ಲಿ ದವಾಖಾನಿಯಲ್ಲಿ ಸಿಕ್ಕವಳು ಮಾಬೂಬಿ ಒಬ್ಬಳೇ. ಆಕೆ ಸೂಲಗಿತ್ತಿಯಲ್ಲ, ಹೊಕ್ಕುಳಬಳ್ಳಿ ಕೊಯ್ಯುವುದು, ಮದ್ದು ಕೊಡುವುದು ಡಾಕ್ಟರಬಾಯಿ ಕೆಲಸ. ಹೆರುವಾಕೆಯ ಬೆನ್ನಿಗೆ ಕೂತು, ಸೊಂಟ ತಿಕ್ಕಿ, ಕೈ ಹಿಡಿದು ಧೈರ್ಯ ಹೇಳುವುದಷ್ಟೇ ಈಕೆಯದು.

ಬ್ಯಾನಿ ಸುರುವಾದಾಗ, ಹೆರಿಗೆ ಸಲೀಸಾಗಲೆಂದು, ಮನೆಯ ಗಂಟೆಲ್ಲ ಬಿಚ್ಚುವುದು ನಮ್ಮ ರೂಢಿ. ಟ್ರಂಕಿನ ಕೀಲಿ ತೆಗೆದೆ, ಜ್ವಾಳದ ಚೀಲ ಬಿಚ್ಚಿದೆ, ಮಗಳ ಹೆರಳು ಬಿಚ್ಚಿದೆ. ದವಾಖಾನಿಯಲ್ಲಿ ಪರದೆಯ ದಾರವನ್ನೂ ಬಿಚ್ಚಿದೆ, ಪರದೆ ನರ್ಸಬಾಯಿ ತಲೆಯ ಮೇಲೆ ಬಿತ್ತು.

"ಏನ್ರೀ ಆಯಿ, ದವಾಖಾನಿನೇ ಬಿಚ್ಚಿ ಒಯ್ತೀರೇನು?"

ಹೊತ್ತು ನೆತ್ತಿಗೇರಿದರೂ ಕೂಸು ಬರಲಿಲ್ಲ. "ಯವ್ವಾ, ಅಕ್ಕ ಹೋದಂಗ ನಾನೂ ಹೋಗತೇನಿ" ಅಂದಳು ಗಂಗವ್ವ. ಸಮಾಧಾನ ಹೇಳಲು ಬಾಯಿ ತೆರೆದರೆ ಅಳುವೇ ಬಂತು. ಮಾಬೂಬಿ ನನ್ನ ರಟ್ಟೆ ಹಿಡಿದಳು.

"ಅಕ್ಕಾರ, ಹೊರಗ ನಡೀರಿ."

"ಹಡೆದಾಕಿ ನಾನು!"

"ಅದಕ್ಕ ಹೇಳಾಕತ್ತೇನಿ. ನಿಮ್ಮ ಮಾರಿ ನೋಡಿದಾಗೊಮ್ಮೆ ಆಕಿ ಅಕ್ಕನ್ನ ನೆನಸ್ತಾಳ. ನನ್ನ ಮಾರ್ಯಾಗ ಆಕಿಗೆ ಯಾರೂ ಸತ್ತಿಲ್ಲ."

ಗೋಡೆಗೆ ಒರಗಿ ಹೊರಗೆ ಕೂತೆ. ಒಳಗಿನಿಂದ ಮಾಬೂಬಿಯ ದನಿಯೊಂದೇ ಕೇಳುತ್ತಿತ್ತು: "ನನ್ನ ನೋಡವ್ವಾ, ಮ್ಯಾಲ ಮಾಳಿಗಿ ನೋಡಬ್ಯಾಡ. ಉಸುರು ಬಿಡು. ಹಿಚುಕು ನನ್ನ ಕೈ, ಮುರದ್ರ ಮುರೀಲಿ!" ಆಮೇಲೆ ಅದೂ ನಿಂತಿತು. ಅವತ್ತು ಬಂಡಿಯಲ್ಲೂ ಹೀಗೇ ಸದ್ದು ನಿಂತಿತ್ತು. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಆಗ ಕೂಸು ಅತ್ತಿತು.

ಎಸ್.ಟಿ.ಡಿ. ಬೂತಿನಿಂದ ಸುದ್ದಿ ಮುಟ್ಟಿ ಅಳಿಯ ತನ್ನೂರು ಚಚಡಿಯಿಂದ ಬಂದ. ಸಂಜೆಗೆ ಗಂಗವ್ವನ ಮಂಚದ ಸುತ್ತ ಎಲ್ಲರೂ ಉಣ್ಣಲು ಕೂತೆವು. ಗಂಗವ್ವನಿಗೆ ಬಿಸಿ ಅನ್ನ, ತುಪ್ಪ; ನಮಗೆ ರೊಟ್ಟಿ, ಬ್ಯಾಳಿ. ಮಾಬೂಬಿಯ ಬಲಗೈ ಬಾತಿತ್ತು, ರೊಟ್ಟಿ ಮುರಿಯಲಾಗಲಿಲ್ಲ. ನಾನೇ ಮುರಿದು, ಬ್ಯಾಳಿಯಲ್ಲಿ ಕಲಸಿ ಕೊಟ್ಟೆ.

"ಬಾಣಂತನ ಮುಗದ ಮ್ಯಾಲ ಊರಿಗೆ ಹೋಗೂಣಲ್ಲ?" ಅಂದರು ನಮ್ಮವರು.

ನೀಲವ್ವ ಅಲ್ಲಿ ಮಣ್ಣಲ್ಲಿ ಮಲಗಿದ್ದಾಳೆ. ಗಂಗವ್ವ ಇಲ್ಲಿ ಕಣ್ಣೆದುರು ತುತ್ತು ನುಂಗುತ್ತಿದ್ದಾಳೆ. ಯಾವುದನ್ನು ನನ್ನೂರು ಅನ್ನಲಿ?

"ಮೊದಲು ಉಣ್ರಿ," ಅಂದೆ.