ಸೈಟೇಶನ್ ಎಂಬ ಬ್ಲೌಸ್ ಪೀಸು

ಬೆಳಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಳ್ಳಬೇಕು ಅಂತ ಹಿರಿಯರು ಹೇಳಿದಾರೆ. ನಾನೂ ತಪ್ಪದೆ ಅಂಗೈಯನ್ನೇ ನೋಡಿಕೊಳ್ಳುತ್ತೇನೆ. ಅದರಲ್ಲಿ ಫೋನ್ ಇರುತ್ತೆ, ಅಷ್ಟೇ. ಅಲ್ಲಿ ನಾನು ಹುಡುಕುವುದು ಲಕ್ಷ್ಮಿಯನ್ನಲ್ಲ, ಸರಸ್ವತಿಯನ್ನೂ ಅಲ್ಲ, ಸೈಟೇಶನ್ನನ್ನು. ಅಂದರೆ ನಾನು ಬರೆದ ಸಂಶೋಧನಾ ಲೇಖನಗಳನ್ನು ಬೇರೆಯವರ ಎಷ್ಟು ಲೇಖನಗಳು ಹೆಸರಿಸಿವೆ ಅನ್ನೋ ಸಂಖ್ಯೆಯನ್ನು.

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಈ ಚಟ ಎಲ್ಲರಿಗೂ ಗೊತ್ತು. ಅತ್ತೆ ಕಾಫಿ ಲೋಟ ಮುಂದಿಟ್ಟು ಕೇಳುತ್ತಾರೆ, "ಇವತ್ತು ಎಷ್ಟು ಜನ ನೆನೆಸ್ಕೊಂಡ್ರೇ?"

"ಇಬ್ಬರು, ಅತ್ತೆ."

"ನಂಗೆ ಬಿಕ್ಕಳಿಕೆ ಬಂದ್ರೆ ಸಾಕು, ಗೊತ್ತಾಗುತ್ತೆ. ನಿಂಗೆ ಫೋನೇ ಆಗಬೇಕು."

ನನ್ನ ಕಸುಬು ಹವಾಮಾನದ ಅಂಕಿಅಂಶಗಳನ್ನು ಕಂಪ್ಯೂಟರಿಗೆ ಉಣಿಸಿ ಮಳೆಯ ನಕ್ಷೆ ಮಾಡುವುದು. ದೊಡ್ಡ ನಕ್ಷೆಗಳಲ್ಲಿ ಇಡೀ ಬೆಂಗಳೂರು ಒಂದೇ ಚೌಕ. ಆದರೆ ಕುರುಬರಹಳ್ಳಿಯಲ್ಲಿ ಧೋ ಅಂತ ಸುರಿಯುವಾಗ ಮೂಡಲಪಾಳ್ಯದ ತಾರಸಿ ಮೇಲೆ ಸಂಡಿಗೆ ಆರಾಮಾಗಿ ಒಣಗ್ತಾ ಇರುತ್ತೆ, ಅದು ನಮಗೆಲ್ಲ ಗೊತ್ತಿರೋದೇ. ಆ ಚೌಕವನ್ನು ಚಿಕ್ಕ ಚಿಕ್ಕದಾಗಿ ಒಡೆಯುವ ಒಂದು ಸುಲಭದ ವಿಧಾನದ ಬಗ್ಗೆ ಹಿಂದೆ ಒಂದು ಲೇಖನ ಬರೆದಿದ್ದೆ. ಬಯಲುಸೀಮೆಯ ನಿಧಾನದ ಮಳೆಗೆ ಇದು ಆಗುತ್ತೆ, ನಗರದ ಸಾಯಂಕಾಲದ ಬಿರುಮಳೆಗೆ ಆಗಲ್ಲ ಅಂತ ಅದರ ಕೊನೆಯಲ್ಲಿ ಸ್ಪಷ್ಟವಾಗಿಯೇ ಹೇಳಿದ್ದೆ.

ಈ ವರ್ಷ ನನ್ನ ಪ್ರೊಫೆಸರ್ ಬಡ್ತಿಯ ಸಂದರ್ಶನ. ಅದಕ್ಕೆ ಸರಿಯಾಗಿ ಆ ಲೇಖನದ ಸೈಟೇಶನ್ ಸರಸರ ಏರತೊಡಗಿತು. ಖುಷಿಗಿಂತ ಹೆಚ್ಚಾಗಿ ಕುತೂಹಲ: ಯಾರಪ್ಪಾ ಈ ಪುಣ್ಯಾತ್ಮರು? ಒಂದು ಭಾನುವಾರ ಅವರ ಲೇಖನಗಳನ್ನು ಒಂದೊಂದಾಗಿ ತೆಗೆದು ಓದತೊಡಗಿದೆ. ಅಯ್ಯೋ ರಾಮ! ಎಲ್ಲರೂ ಬರೆದಿರುವುದು ಒಂದೇ ಮಾತು, ಈ ವಿಧಾನ ನಗರದ ಬಿರುಮಳೆಗೆ ಹೇಳಿ ಮಾಡಿಸಿದ್ದು ಅಂತ! ಮೊದಲಿಗನೊಬ್ಬ ಕೊನೆಯ ಪುಟ ಓದದೆ ಬರೆದಿದ್ದ. ಉಳಿದವರು ಅವನನ್ನು ನೋಡಿ ಬರೆದಿದ್ದರು.

ಅತ್ತೆಗೆ ಹೇಳಿದೆ. ಅವರು ಬೀರು ತೆಗೆದು, ಅರಿಶಿನ ಕುಂಕುಮಕ್ಕೆ ಹೋದಾಗ ತಾಂಬೂಲದ ಜೊತೆ ಬಂದ ಬ್ಲೌಸ್ ಪೀಸುಗಳ ರಾಶಿಯಿಂದ ಗಿಣಿಹಸಿರಿನದೊಂದನ್ನು ಎಳೆದರು.

"ಇದನ್ನ ವರಮಹಾಲಕ್ಷ್ಮಿಗೆ ಎದುರುಮನೆಗೆ ಕೊಟ್ಟಿದ್ದು ನಾನೇ. ಮೂಲೇಲಿ ಅರಿಶಿನ ನೋಡು, ನನ್ನ ಬೆರಳಿಂದೇ. ಎಷ್ಟು ಮನೆ ಸುತ್ತಿತೋ ಏನೋ, ನವರಾತ್ರಿಗೆ ವಾಪಸ್ ನಂಗೇ ಬಂತು. ಒಬ್ಬಳಾದ್ರೂ ಮಡಿಕೆ ಬಿಚ್ಚಿದಾಳಾ?"

ನಾನು ಬಿಚ್ಚಿದೆ. ನಟ್ಟನಡುವೆ ಒಂದು ಗೇಣುದ್ದ ಬಟ್ಟೆಗೆ ಬಣ್ಣವೇ ಹಿಡಿದಿರಲಿಲ್ಲ. ಕೊಟ್ಟ ಅತ್ತೆಗೂ ಅದು ಗೊತ್ತಿರಲಿಲ್ಲ! ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕೆವು. ಲೋಕದಲ್ಲಿ ಗೌರವ ಅನ್ನೋದು ಬಹುಪಾಲು ಹೀಗೇ ಓಡಾಡುತ್ತೇನೋ, ಕುಂಕುಮ ಹಚ್ಚಿಸಿಕೊಂಡು, ಮಡಿಕೆ ಮುರಿಯದೆ.

ನಗು ನಿಂತದ್ದು ಉಳಿದಿದ್ದ ಕೊನೆಯ ಲೇಖನ ಓದುವಾಗ. ಇನ್ನೂ ಅಚ್ಚಾಗದೆ ಕರಡಾಗಿ ಇಂಟರ್ನೆಟ್ಟಿನಲ್ಲಿದ್ದ ಅದರಲ್ಲಿ ಒಬ್ಬ ಹುಡುಗಿ ನನ್ನ ವಿಧಾನ ನಂಬಿಕೊಂಡು ಒಂದು ಊರಿನ ಮಳೆನೀರಿನ ಮೋರಿ ಎಷ್ಟು ಅಗಲ ಇರಬೇಕು ಅಂತ ಲೆಕ್ಕ ಹಾಕಿದ್ದಳು. ಅಷ್ಟು ಕಿರಿದಾಗಿ ಕಟ್ಟಿದರೆ ಬಿರುಮಳೆಗೆ ಜನರ ಅಡುಗೆಮನೆಗೇ ನೀರು! ಅವತ್ತೇ ಅವಳಿಗೆ ಮೇಲ್ ಬರೆದೆ. ಇನ್ನು ಸಂದರ್ಶನದಲ್ಲಿ ಇದನ್ನ ಹೇಳೋದೋ ಬಿಡೋದೋ? ಆ ಲೇಖನ ಬಿಟ್ಟರೆ ನನ್ನ ಸಂಖ್ಯೆ ತೀರಾ ಸೊರಗುತ್ತೆ.

ಅತ್ತೆ ಅಂದರು, "ಬಣ್ಣ ಇಲ್ಲ ಅಂತ ಗೊತ್ತಾದ ಮೇಲೂ ತಾಂಬೂಲದ ಜೊತೆ ಇಟ್ಟು ಕೊಡ್ತೀಯೇನೇ?"

ಹೇಳಿದೆ. ಸಂದರ್ಶನ ಸಮಿತಿಯ ಹಿರಿಯರೊಬ್ಬರು ಕನ್ನಡಕ ಇಳಿಸಿ ಕೇಳಿದರು, "ಅದನ್ನ ತೆಗೆದರೆ ನಿಮ್ಮ ಸೈಟೇಶನ್ ಇಳಿಯುತ್ತಲ್ಲಮ್ಮಾ?"

"ಇಳಿಯುತ್ತೆ ಸಾರ್."

ಬಡ್ತಿ ಬರಲಿಲ್ಲ. ಮುಂದಿನ ಸಲ ನೋಡೋಣ ಅಂದರು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಮಾಗಡಿ ರೋಡಿನ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕಣ್ಣೀರೂ ಹಾಕಿದೆ.

ಒಂದಷ್ಟು ದಿನ ಕಳೆದ ಮೇಲೆ ಆ ಹುಡುಗಿಯ ಉತ್ತರ ಬಂತು: "ಮೇಡಂ, ನಿಮ್ಮ ಲೇಖನ ಈಗ ಕೊನೇವರೆಗೂ ಓದಿದೆ. ಮೋರಿ ಲೆಕ್ಕ ಬೇರೆ ವಿಧಾನದಲ್ಲಿ ಮತ್ತೆ ಮಾಡಿದೀನಿ. ನಿಮ್ಮ ಹೆಸರು ತೆಗೀಬೇಕಾಯ್ತು, ಕ್ಷಮಿಸಿ."

ಆಮೇಲೊಂದು ಬೆಳಗ್ಗೆ ಅಭ್ಯಾಸಬಲದಿಂದ ಅಂಗೈ ನೋಡಿಕೊಂಡೆ. ಸಂಖ್ಯೆ ಒಂದು ಕಮ್ಮಿಯಾಗಿತ್ತು. ಒಬ್ಬಳೇ ಕೂತು ನಗುತ್ತಿದ್ದೆ. ಕಾಫಿ ತಂದ ಅತ್ತೆ ಅನುಮಾನದಿಂದ ನೋಡಿದರು.

"ಏನೇ, ಯಾರು ನೆನೆಸ್ಕೊಂಡ್ರು?"

"ನೆನೆಸ್ಕೊಂಡಿದ್ದಲ್ಲ ಅತ್ತೆ. ಒಬ್ಬಳು ಕೊನೇವರೆಗೂ ಓದಿ, ನನ್ನ ಹೆಸರು ಬಿಟ್ಟಳು."